200 ಲೀಟರ್ ರೀಫ್ ಟ್ಯಾಂಕಿಗೆ ಬಸವನಹುಳು, ಸೀಗಡಿ, ಏಡಿ: ಯಾವುದರ ಜೊತೆ ಯಾವುದು ಹೊಂದುತ್ತದೆ?

ಉಪ್ಪುನೀರು_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್, ಅಳತೆ 90×45×50 ಸೆಂ.ಮೀ., ಕೆಳಗೆ ಸಂಪ್ (ನೀರು ಶೋಧಿಸುವ ಎರಡನೇ ತೊಟ್ಟಿ) ಇದೆ. ಕಲ್ಲು, ಮರಳು ಕಳೆದು ಒಟ್ಟು ನೀರು ಸುಮಾರು 200 ಲೀಟರ್. ಶುರುವಾಗಿ ಮೂರು ತಿಂಗಳು. ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ, ನೈಟ್ರೇಟ್ 8, ಫಾಸ್ಫೇಟ್ 0.06, ಕೆಎಚ್ (ಕ್ಷಾರತೆ) 8.2, ಕ್ಯಾಲ್ಸಿಯಂ 420. ಅಮೋನಿಯಾ, ನೈಟ್ರೈಟ್ ಸೊನ್ನೆ. ಕಂದು ಪುಡಿ ಪಾಚಿ ಹೋಗಿ ಈಗ ಗಾಜಿನ ಮೇಲೆ ಹಸಿರು ಕಾಣಿಸುತ್ತಿದೆ.

ಇರುವ ಜೀವಿಗಳು: ಆಸೆಲಾರಿಸ್ ಕ್ಲೌನ್ ಮೀನಿನ ಜೋಡಿ, ಒಂದು ಸಿಕ್ಸ್‌ಲೈನ್ ರಾಸ್ ಮೀನು, ಒಂದು ಗೋಬಿ ಮೀನು. ಹವಳದಲ್ಲಿ ಮಶ್ರೂಮ್, ಜೋವಾಂಥಿಡ್, ಒಂದು ಲೆದರ್.

ಅಂಗಡಿಯವರು ಬರೆದುಕೊಟ್ಟ ಪಟ್ಟಿ: 20 ಹರ್ಮಿಟ್ ಏಡಿ, 10 ಟರ್ಬೊ ಬಸವನಹುಳು, ಕ್ಲೀನರ್ ಸೀಗಡಿ 2, ಪೆಪರ್‌ಮಿಂಟ್ ಸೀಗಡಿ 3, ಬ್ಯಾಂಡೆಡ್ ಕೋರಲ್ ಸೀಗಡಿ 1, ನೀಲಿ ಲಿಂಕಿಯಾ ನಕ್ಷತ್ರ ಮೀನು 1, ಚಾಕೊಲೇಟ್ ಚಿಪ್ ನಕ್ಷತ್ರ ಮೀನು 1, ಕಡಲ ಸೌತೆ 1, ಬಬಲ್ ಟಿಪ್ ಅನಿಮೋನ್ (ಹೂವಿನಂತೆ ಕಾಣುವ, ಚುಚ್ಚುವ ಕಡಲ ಪ್ರಾಣಿ) 1. ಇದರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಹವಳದಿಣ್ಣೆ

ಸರ್, ಮೊದಲು ಆ ಚೀಟಿ ಪಕ್ಕಕ್ಕಿಡಿ. ಒಂದೊಂದು ಪ್ರಾಣಿಗೂ ಮೂರು ಪ್ರಶ್ನೆ ಕೇಳಿ. ಅದು ಏನು ತಿನ್ನುತ್ತದೆ, ಆ ಆಹಾರ ನಿಮ್ಮ ಟ್ಯಾಂಕಿನಲ್ಲಿ ವರ್ಷಪೂರ್ತಿ ಹುಟ್ಟುತ್ತದೆಯೇ? ಅದನ್ನು ತಿನ್ನುವವರು ಯಾರಾದರೂ ಒಳಗೆ ಇದ್ದಾರೆಯೇ? ನೀರಿನಲ್ಲಿ ಏರುಪೇರಾದರೆ ತಡೆದುಕೊಳ್ಳುತ್ತದೆಯೇ? ಬಹಳಷ್ಟು ಅಕಶೇರುಕಗಳು ಸಾಯುವುದು ಜಗಳದಿಂದಲ್ಲ, ಹಸಿವಿನಿಂದ. ಹಸಿವಿನ ಸಾವಿಗೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಅಷ್ಟು ದಿನ ಎಲ್ಲವೂ ಸರಿಯಾಗಿದೆ ಅಂತಲೇ ಅನಿಸುತ್ತದೆ.

ಈಗ ಪಟ್ಟಿಗೆ ಬರೋಣ.

ಚಾಕೊಲೇಟ್ ಚಿಪ್ ಬೇಡವೇ ಬೇಡ. ಅದು ಮಾಂಸಾಹಾರಿ. ಮೃದು ಹವಳ, ಅನಿಮೋನ್, ಸ್ಪಾಂಜ್, ನಿಧಾನವಾಗಿ ಹರಿಯುವ ಬಸವನಹುಳು, ಎಲ್ಲದರ ಮೇಲೂ ಹೊಟ್ಟೆ ಹೊರಚಾಚಿ ಕೂತು ಅಲ್ಲೇ ಜೀರ್ಣಿಸಿಕೊಳ್ಳುತ್ತದೆ. ಬೆನ್ನ ಮೇಲೆ ಗಟ್ಟಿ ಗುಬಟುಗಳಿರುವ ದಪ್ಪ ನಕ್ಷತ್ರ ಮೀನು ಯಾವುದೇ ಇರಲಿ, ಕೆಂಪು ಗುಬಟಿನದೂ ಸೇರಿ, ಹವಳದ ಟ್ಯಾಂಕಿಗೆ ತರಬೇಡಿ.

ನೀಲಿ ಲಿಂಕಿಯಾ ಯಾರನ್ನೂ ತಿನ್ನುವುದಿಲ್ಲ, ನಿಜ. ಆದರೆ ಅದು ಬದುಕುವುದು ಕಲ್ಲಿನ ಮೇಲಿನ ತೆಳು ಜೀವಪದರ ನೆಕ್ಕಿಕೊಂಡು. ಮೂರು ತಿಂಗಳ ಟ್ಯಾಂಕಿನಲ್ಲಿ ಆ ಪದರ ಕೂತಿರುವುದಿಲ್ಲ, 200 ಲೀಟರಿನ ಕಲ್ಲು ಅದರ ಹೊಟ್ಟೆಗೆ ಸಾಲುವುದೂ ಇಲ್ಲ. ತೋಳಿನ ತುದಿ ಬಿಳಿಚಿ ಕರಗಲು ಶುರುವಾದ ಮೇಲೆ ಉಳಿಸುವುದು ಕಷ್ಟ. ಬಿಡಿ.

ಬ್ಯಾಂಡೆಡ್ ಕೋರಲ್ ಸೀಗಡಿ ಒಂದೇ ಇರುವ ಟ್ಯಾಂಕಿಗೆ ಸುಂದರ ಪ್ರಾಣಿ. ಬೇರೆ ಸೀಗಡಿಗಳ ಜೊತೆ ಇಟ್ಟರೆ ರಾತ್ರಿ ಹೊತ್ತು ಚಿಮಟದಂಥ ಉದ್ದ ಕೈಗಳಿಂದ ಅವನ್ನು ಹಿಡಿದು ಹರಿಯುತ್ತದೆ. ಕ್ಲೀನರ್ ಬೇಕೋ, ಇದು ಬೇಕೋ, ಒಂದನ್ನು ಆರಿಸಿಕೊಳ್ಳಿ. ನನ್ನ ಮತ ಕ್ಲೀನರಿಗೆ.

ಅನಿಮೋನ್ ಈಗಲೇ ಬೇಡ. ಟ್ಯಾಂಕಿಗೆ ಕನಿಷ್ಠ ಒಂಬತ್ತು ತಿಂಗಳು, ವರ್ಷವಾದರೆ ಇನ್ನೂ ಒಳ್ಳೆಯದು. ಬೆಳಕು, ಹರಿವು ಹಿಡಿಸದಿದ್ದರೆ ಕಾಲು ಕಿತ್ತು ನಡೆಯುತ್ತದೆ, ದಾರಿಯಲ್ಲಿ ಸಿಕ್ಕ ಜೋವಾಂಥಿಡ್‌ಗಳನ್ನೆಲ್ಲ ಚುಚ್ಚುತ್ತದೆ. ಕೊನೆಗೆ ನೀರು ತಳ್ಳುವ ಪಂಪಿಗೆ (ವೇವ್‌ಮೇಕರ್) ಸಿಕ್ಕಿ ಚೂರಾದರೆ ಆ ರಾತ್ರಿಯೇ ಇಡೀ ಟ್ಯಾಂಕ್ ಹಾಳು. ಇನ್ನೊಂದು ವಿಷಯ: ಕಾಡಿನಲ್ಲಿ, ಅಂದರೆ ಸಮುದ್ರದಲ್ಲಿ, ಆಸೆಲಾರಿಸ್ ವಾಸಿಸುವುದು ಮ್ಯಾಗ್ನಿಫಿಕಾ ಮತ್ತು ದೊಡ್ಡ ಕಾರ್ಪೆಟ್ ಅನಿಮೋನ್‌ಗಳಲ್ಲಿ. ಬಬಲ್ ಟಿಪ್ ತಂದರೆ ನಿಮ್ಮ ಜೋಡಿ ಅದರೊಳಗೆ ಹೋಗಬಹುದು, ತಿರುಗಿಯೂ ನೋಡದೇ ಇರಬಹುದು.

ಉಳಿದದ್ದು ಕ್ಲೀನರ್, ಪೆಪರ್‌ಮಿಂಟ್, ಟರ್ಬೊ, ಹರ್ಮಿಟ್. ಅವುಗಳ ಬಗ್ಗೆ ಬೇರೆಯವರೂ ಹೇಳಲಿ.

ಕರಾವಳಿ_ರೀಫ್

ಕಡಲ ಸೌತೆ ವಿಷಯ ನಾನು ಹೇಳ್ತೇನೆ ಮಾರಾಯ್ರೆ. ನಮ್ಮ ದೇಶದಲ್ಲಿ ಎಲ್ಲ ಜಾತಿಯ ಕಡಲ ಸೌತೆಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಹಿಡಿಯುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲ ಅಪರಾಧ, ಶಿಕ್ಷೆ ಮೂರು ವರ್ಷದಿಂದ ಶುರು. ಕಲ್ಲು ಹವಳ, ಸಮುದ್ರ ಬೀಸಣಿಗೆ, ಕಪ್ಪು ಹವಳ, ಕಡಲ ಕುದುರೆ ಕೂಡ ಅದೇ ಸಾಲಿನಲ್ಲಿವೆ. ಮ್ಯಾಕ್ಸಿಮಾ, ಸ್ಕ್ವಾಮೋಸಾ ದೈತ್ಯ ಕ್ಲಾಮ್‌ಗಳಿಗೂ ಇದೇ ಕಾಯ್ದೆಯ ರಕ್ಷಣೆ ಇದೆ. ಇಂಥದ್ದನ್ನು ಅಂಗಡಿಯವರು ಪಟ್ಟಿಯಲ್ಲಿ ಬರೆದಿದ್ದಾರೆ ಅಂದರೆ ಉಳಿದ ಸಲಹೆಯನ್ನೂ ಎರಡು ಸಲ ಯೋಚಿಸಿ ತಗೊಳ್ಳಿ.

ಕಾನೂನು ಬದಿಗಿಟ್ಟರೂ ಅದು ನಿಮ್ಮ ಟ್ಯಾಂಕಿಗೆ ಆಗುವ ಪ್ರಾಣಿಯಲ್ಲ. ಪಂಪಿಗೆ ಸಿಕ್ಕರೆ ಅಥವಾ ಸತ್ತರೆ ಅದರ ವಿಷಕ್ಕೆ ಮೀನುಗಳೂ ಹೋಗುತ್ತವೆ.

ಇನ್ನೊಂದು ಮಾತು. ಮಲ್ಪೆ, ಸೋಮೇಶ್ವರದ ಕಲ್ಲುಗಳ ಸಂದಿನಿಂದ ಏಡಿ, ಹುಳು ಹೆಕ್ಕಿ ತಂದು ಹಾಕುವ ಯೋಚನೆ ಕೆಲವರಿಗೆ ಬರುತ್ತದೆ. ದಡದ ಏಡಿಗಳಲ್ಲಿ ಹಲವು ದೊಡ್ಡದಾಗಿ ಮೀನು ಹಿಡಿಯುವ ಜಾತಿ. ಶಂಕುವಿನ ಆಕಾರದ ಚೆಂದದ ಚಿಪ್ಪು ಕಂಡರೆ ಕೈಯಲ್ಲಿ ಎತ್ತಲೇಬೇಡಿ. ಕೋನ್ ಬಸವನಹುಳು ವಿಷದ ಮುಳ್ಳು ಹೊಡೆಯುತ್ತದೆ, ಕೆಲವು ಜಾತಿಗಳ ವಿಷ ಮನುಷ್ಯರ ಜೀವ ತೆಗೆಯುವಷ್ಟು ಜೋರು.

ಉಪ್ಪುನೀರು_ಬೆಂಗಳೂರು

ಧನ್ಯವಾದ. ಪಟ್ಟಿಯಿಂದ ಐದನ್ನು ಹೊಡೆದುಹಾಕಿದೆ. ಟರ್ಬೊ 10 ಸರಿಯೇ? ಬಸವನಹುಳುಗಳಲ್ಲಿ ಯಾವ ಜಾತಿ ಎಷ್ಟು ಬೇಕು? ಸಿಕ್ಸ್‌ಲೈನ್ ಸೀಗಡಿಗಳನ್ನು ತಿನ್ನುತ್ತದೆಯೇ?

ಶಂಖ_ಚಿಪ್ಪು

10 ಟರ್ಬೊ 200 ಲೀಟರಿಗೆ ಜಾಸ್ತಿ. ದೊಡ್ಡ ಟರ್ಬೊ ಒಂದು ನಿಂಬೆಹಣ್ಣಿನಷ್ಟಾಗುತ್ತದೆ. ಅಂಟಿಸದೆ ಇಟ್ಟ ಹವಳದ ತುಂಡುಗಳನ್ನೆಲ್ಲ ಉರುಳಿಸಿಕೊಂಡು ಹೋಗುತ್ತದೆ. ಎರಡು ವಾರದಲ್ಲಿ ಪಾಚಿ ಮುಗಿಸಿ ಆಮೇಲೆ ಒಂದೊಂದೇ ಸಾಯಲು ಶುರು. ಅಷ್ಟು ದೊಡ್ಡ ಹುಳು ಕಲ್ಲಿನ ಹಿಂದೆ ಕೊಳೆತರೆ ಅಮೋನಿಯಾ ಏರುತ್ತದೆ, ಅದರಿಂದ ಇನ್ನೊಂದು ಸಾಯುತ್ತದೆ. ಕೂದಲು ಪಾಚಿ ಕೈಮೀರಿದ್ದರೆ ಮಾತ್ರ ಒಂದೋ ಎರಡೋ ಟರ್ಬೊ.

ಗಾಜು, ಕಲ್ಲಿಗೆ ಟ್ರೋಕಸ್ ತಗೊಳ್ಳಿ, 6 ಸಾಕು. ಮಗುಚಿ ಬಿದ್ದರೆ ಕಾಲು ಚಾಚಿ ತಾನೇ ಎದ್ದುಕೊಳ್ಳುತ್ತದೆ. ಆಸ್ಟ್ರಿಯಾಗೆ ಆ ಶಕ್ತಿ ಇಲ್ಲ. ಮರಳಿನ ಮೇಲೆ ಅಂಗಾತ ಬಿದ್ದರೆ ನೀವು ಎತ್ತಿ ಕೂರಿಸಬೇಕು, ತಡವಾದರೆ ಹರ್ಮಿಟ್ ಬಂದು ಮುಗಿಸುತ್ತದೆ. ಎರಡೂ ಗೋಪುರದ ಆಕಾರವೇ ಆದ್ದರಿಂದ ಅಂಗಡಿಯಲ್ಲಿ ಕಲಸಿಹೋಗುತ್ತವೆ. ಬಾಯಿ ಮುಚ್ಚುವ ಮುಚ್ಚಳ ನೋಡಿ: ತೆಳುವಾಗಿ, ಕಂದಾಗಿ, ಸುತ್ತುಗೆರೆ ಇದ್ದರೆ ಟ್ರೋಕಸ್; ಕಲ್ಲಿನಂತೆ ದಪ್ಪ ಬಿಳಿ ಇದ್ದರೆ ಆಸ್ಟ್ರಿಯಾ.

ಮರಳಿನ ಮೇಲ್ಪದರಕ್ಕೆ ಸೆರಿತ್ 6. ಹಗಲು ಮರಳಲ್ಲಿ ಹೂತುಕೊಂಡು ರಾತ್ರಿ ಗಾಜು ಹತ್ತುತ್ತವೆ. ನಸೇರಿಯಸ್ 4. ಇವು ಪಾಚಿಯನ್ನು ಮುಟ್ಟುವುದಿಲ್ಲ, ಉಳಿದ ಮಾಂಸಾಹಾರವೇ ಊಟ. ಮೀನಿಗೆ ಊಟ ಹಾಕಿದ ಅರ್ಧ ನಿಮಿಷಕ್ಕೆ ಮರಳಿನಿಂದ ಮೊದಲು ಸೊಂಡಿಲು, ಹಿಂದೆಯೇ ಮೈ ಮೇಲೆ ಬರುತ್ತದೆ. ಅವು ಮರಳನ್ನು ಕಲಕುತ್ತಾ ಇರುವುದು ನಮಗೆ ಲಾಭ. ಮರಳು 4–5 ಸೆಂ.ಮೀ. ಇರಲಿ, ಚೂಪು ಹವಳಪುಡಿ ಬೇಡ.

ಹೆಸರು ಗೊತ್ತಿಲ್ಲದ ಹುಳು ಬಂದರೆ ಚಿಪ್ಪಿನ ಬಾಯಿ ನೋಡಿ. ಅಂಚು ದುಂಡಗೆ ಪೂರ್ತಿ ಇದ್ದರೆ ಹೆಚ್ಚಾಗಿ ಸಸ್ಯಾಹಾರಿ. ತುದಿಯಲ್ಲಿ ಸೊಂಡಿಲು ಹೊರಡಲು ಕಚ್ಚು ಅಥವಾ ಕೊಳವೆ ಇದ್ದರೆ ಮಾಂಸಾಹಾರಿ ಅಂತ ಸಂಶಯಪಡಿ. ಸೆರಿತ್ ಇದಕ್ಕೆ ಅಪವಾದ. ನಸೇರಿಯಸ್ ಮಾಂಸಾಹಾರಿಯಾದರೂ ಸತ್ತದ್ದನ್ನೇ ತಿನ್ನುವುದರಿಂದ ತೊಂದರೆ ಇಲ್ಲ. ಮಾರ್ಗರೀಟಾ ಅಂತ ಕೊಟ್ಟರೆ ಬೇಡ ಅನ್ನಿ, ಅದು ತಣ್ಣೀರಿನ ಜಾತಿ, 26 ಡಿಗ್ರಿಯಲ್ಲಿ ಹೆಚ್ಚು ದಿನ ಬಾಳುವುದಿಲ್ಲ.

ಎಲ್ಲವನ್ನೂ ಒಂದೇ ದಿನ ಹಾಕಬೇಡಿ. ಅರ್ಧ ಹಾಕಿ, ಮೂರು ವಾರ ಬಿಟ್ಟು ಗಾಜು ನೋಡಿ. ಎರಡು ದಿನಕ್ಕೊಮ್ಮೆ ಉಜ್ಜುವಷ್ಟು ಹಸಿರು ಇನ್ನೂ ಬರುತ್ತಿದ್ದರೆ ಉಳಿದರ್ಧ.

ಹವಳದಿಣ್ಣೆ

ಸಿಕ್ಸ್‌ಲೈನ್ ಬಗ್ಗೆ: ಎರಡು ಸೆಂ.ಮೀ. ಸೀಗಡಿ ಹಾಕಿದರೆ ಅದಕ್ಕೆ ಊಟವಾಗಬಹುದು. ನಾಲ್ಕೈದು ಸೆಂ.ಮೀ. ಇರುವ ಬೆಳೆದ ಕ್ಲೀನರ್ ಜೋಡಿಯನ್ನೇ ತಗೊಳ್ಳಿ, ದೀಪ ಆರಿದ ಮೇಲೆ ಬಿಡಿ. ಹಾಕ್‌ಫಿಶ್, ಟ್ರಿಗ್ಗರ್, ಪಫರ್, ಲಯನ್‌ಫಿಶ್ ಮುಂದೆ ಯಾವತ್ತಾದರೂ ತರುವ ಆಸೆ ಇದ್ದರೆ ಸೀಗಡಿಗೆ ದುಡ್ಡು ಹಾಕಬೇಡಿ. ಕೋರಿಸ್ ರಾಸ್ ಬಂದರೆ ಬಸವನಹುಳುಗಳೂ ಉಳಿಯುವುದಿಲ್ಲ.

ಪೆಪರ್‌ಮಿಂಟ್ ತರುವುದು ಏಪ್ಟೇಸಿಯಾ (ಕಳೆಯಂತೆ ಹರಡುವ ಸಣ್ಣ ಅನಿಮೋನ್) ಇದ್ದರೆ ಮಾತ್ರ. ಅದಿಲ್ಲದ ಟ್ಯಾಂಕಿನಲ್ಲಿ ಹಸಿದಾಗ ಜೋವಾಂಥಿಡ್ ಕೀಳುವ ಚಾಳಿ ಕೆಲವಕ್ಕೆ ಇದೆ. ಕೊಳ್ಳುವಾಗ ಜಾತಿ ನೋಡಿಕೊಳ್ಳಿ, ಇಲ್ಲೇ ಎಡವಟ್ಟಾಗುವುದು. ಪೆಪರ್‌ಮಿಂಟ್ ಮೈ ಪಾರದರ್ಶಕ, ಮೇಲೆ ತೆಳು ಕೆಂಪು ಗೆರೆಗಳು. ಕೆಂಪು ಮೈ ಮೇಲೆ ಬಿಳಿ ಪಟ್ಟಿ, ಚುಕ್ಕಿ, ಬೆನ್ನಲ್ಲಿ ಎತ್ತರದ ಗೂನು, ಮೇಲೆ ಕೆಳಗೆ ಆಡಿಸುವ ಉದ್ದ ಮೂತಿ, ದೊಡ್ಡ ಕಣ್ಣು ಇದ್ದರೆ ಅದು ಕ್ಯಾಮೆಲ್ ಸೀಗಡಿ. ನಿಮ್ಮ ಮಶ್ರೂಮ್, ಜೋವಾಂಥಿಡ್ ಎರಡನ್ನೂ ಅದು ತಿಂದು ಮುಗಿಸುತ್ತದೆ.

ಏಪ್ಟೇಸಿಯಾ ತುಂಬಿದ್ದರೆ ಬರ್ಗಿಯಾ ಎಂಬ ಪುಟ್ಟ ನುಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಹುಳು) ಇನ್ನೂ ಚೊಕ್ಕ ಕೆಲಸ ಮಾಡುತ್ತದೆ, ಅದು ಬೇರೇನೂ ತಿನ್ನುವುದಿಲ್ಲ. ಆದರೆ ನಿಮ್ಮ ಸಿಕ್ಸ್‌ಲೈನ್ ಅದನ್ನು ಬಿಡುವುದಿಲ್ಲ, ಪೆಪರ್‌ಮಿಂಟ್ ಕೂಡ ಬಿಡುವುದಿಲ್ಲ. ಹಾಗಾಗಿ ನಿಮ್ಮ ಟ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ.

ನ್ಯಾನೊ_40ಲೀ

ಹರ್ಮಿಟ್ ಬಗ್ಗೆ ಯಾರೂ ಹೇಳಲಿಲ್ಲ. ಕಲ್ಲಿನ ಸಂದುಗೊಂದಿನಲ್ಲಿ ಸಿಕ್ಕಿಕೊಂಡ ಊಟ ತೆಗೆಯಲು ಅದಕ್ಕಿಂತ ಒಳ್ಳೆಯ ಪ್ರಾಣಿ ಇಲ್ಲ. 20 ಬೇಡ, 4 ಸಣ್ಣ ನೀಲಿಕಾಲಿನವು ಅಥವಾ ಕೆಂಪು ಸ್ಕಾರ್ಲೆಟ್ ಹಾಕಿ.

ಶಂಖ_ಚಿಪ್ಪು

ನಾನು ಇದನ್ನು ಒಪ್ಪುವುದಿಲ್ಲ. ಹರ್ಮಿಟ್ ಬೆಳೆದ ಹಾಗೆ ದೊಡ್ಡ ಚಿಪ್ಪು ಬೇಕೇ ಬೇಕು, ಅದು ಟ್ರೋಕಸ್ ಮೈಮೇಲಿರುತ್ತದೆ. ಆರು ಟ್ರೋಕಸ್ ಇರುವ ಟ್ಯಾಂಕಿನಲ್ಲಿ ನಾಲ್ಕು ಹರ್ಮಿಟ್ ಅಂದರೆ ವರ್ಷದೊಳಗೆ ಒಂದೆರಡು ಟ್ರೋಕಸ್ ಹೋದವು ಅಂತಲೇ. ಸೆರಿತ್, ನಸೇರಿಯಸ್, ಎರಡು ಸೀಗಡಿ ಇರುವಾಗ ಉಳಿದ ಊಟ ತೆಗೆಯಲು ಮತ್ತೊಬ್ಬರು ಬೇಕಿಲ್ಲ.

ನ್ಯಾನೊ_40ಲೀ

ಖಾಲಿ ಚಿಪ್ಪು ಇಟ್ಟರೆ ಕೊಲ್ಲುವುದು ಬಹಳ ಕಡಿಮೆಯಾಗುತ್ತದೆ. ಪ್ರತಿ ಏಡಿಗೆ ಮೂರು ನಾಲ್ಕು ಚಿಪ್ಪು, ಈಗಿನದಕ್ಕಿಂತ ಸ್ವಲ್ಪ ದೊಡ್ಡವು, ಬಣ್ಣ ಬಳಿಯದವು. ಒಂದು ಬಟ್ಟಲಲ್ಲಿ ಒಟ್ಟಿಗೆ ಇಡಬೇಡಿ, ಮರಳಿನ ಮೇಲೆ ಹರಡಿ. ವಾರಕ್ಕೊಮ್ಮೆ ಅಂಗುಲದಷ್ಟು ನೋರಿ (ಒಣ ಕಡಲಪಾಚಿ) ಹಾಳೆ ಹಾಕಿ. ಚಿಪ್ಪಿನ ಜೊತೆಗೆ ಅವು ಮಾಂಸಕ್ಕಾಗಿಯೂ ಕೊಲ್ಲುತ್ತವೆ ಎಂಬುದನ್ನು ಮಾತ್ರ ನಾನು ಅಲ್ಲಗಳೆಯುವುದಿಲ್ಲ.

ಹವಳದಿಣ್ಣೆ

ಈ ಟ್ಯಾಂಕಿಗೆ ನಾನೂ ಶಂಖ_ಚಿಪ್ಪು ಅವರ ಕಡೆ. ಇಡುವುದೇ ಆದರೆ ಏಡಿಯ ಗುರುತು ಹಿಡಿಯಿರಿ. ಒಂದು ಕೈ ತೀರ ದೊಡ್ಡದು, ಕಾಲ ತುಂಬ ದಟ್ಟ ರೋಮ, ಮರಿಯಲ್ಲೇ ದೊಡ್ಡ ಚಿಪ್ಪು ಹೊತ್ತಿದ್ದರೆ ಅದು ಡಾರ್ಡಾನಸ್ ಗುಂಪಿನದು, ಮೀನು ಹಿಡಿದು ತಿನ್ನುವಷ್ಟು ಬೆಳೆಯುತ್ತದೆ.

ಉಪ್ಪುನೀರು_ಬೆಂಗಳೂರು

ಸರಿ, ಹರ್ಮಿಟ್ ಬಿಟ್ಟೆ. ಹಾಗಾದರೆ ಟ್ರೋಕಸ್ 6, ಸೆರಿತ್ 6, ನಸೇರಿಯಸ್ 4, ಕ್ಲೀನರ್ 2. ಮನೆಗೆ ತಂದ ಮೇಲೆ ಹೊಂದಿಸುವುದು ಹೇಗೆ? ಅಂಗಡಿಯವರು ಚೀಲವನ್ನು 20 ನಿಮಿಷ ತೇಲಿಬಿಟ್ಟು ಹಾಕಿ ಅಂದರು.

ಹವಳದಿಣ್ಣೆ

ಮೀನಿಗೆ ಅದು ನಡೆದೀತು, ಇವಕ್ಕೆ ನಡೆಯುವುದಿಲ್ಲ. ಸೀಗಡಿ, ಬಸವನಹುಳು ಮೈಯೊಳಗಿನ ಉಪ್ಪನ್ನು ಮೀನಿನಷ್ಟು ಚೆನ್ನಾಗಿ ಹಿಡಿದಿಡಲಾರವು, ನಕ್ಷತ್ರ ಮೀನು, ಮುಳ್ಳುಚೆಂಡಿನಂಥ ಅರ್ಚಿನ್‌ಗಳಿಗಂತೂ ಆ ಶಕ್ತಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉಪ್ಪು ಉಳಿಸಲು, ಮೀನಿನ ಪರೋಪಜೀವಿ ತಗ್ಗಿಸಲು ಎಷ್ಟೋ ಅಂಗಡಿಗಳಲ್ಲಿ ನೀರು 1.020ರಲ್ಲಿ ಇಡುತ್ತಾರೆ. ಲವಣಾಂಶದಲ್ಲಿ (ಸಾವಿರ ಭಾಗದಲ್ಲಿ ಎಷ್ಟು ಭಾಗ ಉಪ್ಪು) ಅದು ಸುಮಾರು 27, ನಿಮ್ಮದು 33–34. ಆ ಅಂತರವನ್ನು ಒಮ್ಮೆಲೇ ದಾಟಿಸಿದರೆ ಸೀಗಡಿ ಎರಡೇ ದಿನದಲ್ಲಿ ಅಕಾಲಕ್ಕೆ ಪೊರೆ ಬಿಡಲು ಹೋಗಿ ಸಾಯುತ್ತದೆ.

ಮಾಡುವುದು ಹೀಗೆ. ಚೀಲ ಕಟ್ಟಿದ ಹಾಗೇ 15 ನಿಮಿಷ ಸಂಪಿನಲ್ಲಿ ತೇಲಿಬಿಡಿ. ಆಮೇಲೆ ನೀರು ಸಮೇತ ಶುದ್ಧವಾದ ಪ್ಲಾಸ್ಟಿಕ್ ಡಬ್ಬಿಗೆ ಸುರಿಯಿರಿ, ಸೋಪು ಮುಟ್ಟಿದ ಡಬ್ಬಿ ಬೇಡ. ಒಂದು ಹನಿ ತೆಗೆದು ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಏರ್‌ಪಂಪಿನ ಸಣ್ಣ ಪೈಪಿಗೆ ಗಂಟು ಹಾಕಿ ಟ್ಯಾಂಕಿನಿಂದ ಸೆಕೆಂಡಿಗೆ ಎರಡು ಮೂರು ಹನಿ ಬೀಳುವ ಹಾಗೆ ಬಿಡಿ. ನೀರು ಎರಡರಷ್ಟಾದಾಗ ಅರ್ಧ ಚೆಲ್ಲಿ, ಮತ್ತೆ ಮುಂದುವರಿಸಿ. ಗಡಿಯಾರ ನೋಡಿ ನಿಲ್ಲಿಸಬೇಡಿ, ಡಬ್ಬಿ, ಟ್ಯಾಂಕ್ ಎರಡರ ಓದೂ ಒಂದಾದಾಗ ನಿಲ್ಲಿಸಿ. ಸೀಗಡಿ, ಬಸವನಹುಳುವಿಗೆ ಸಾಮಾನ್ಯವಾಗಿ ಒಂದು ಗಂಟೆ, ಅರ್ಚಿನ್‌ಗೆ ಎರಡು. ಚೀಲದ ನೀರು ಟ್ಯಾಂಕಿಗೆ ಹೋಗಬಾರದು.

ರಿಫ್ರಾಕ್ಟೋಮೀಟರನ್ನು ಆರ್‌ಓ ನೀರಿನಿಂದ ಸೊನ್ನೆಗೆ ಕೂರಿಸಿದರೆ ಸಾಲದು. 35ರ ದ್ರಾವಣ ಸಿಗುತ್ತದೆ, ಅದರಿಂದ ಕೂರಿಸಿ.

ಒಂದು ಎಚ್ಚರಿಕೆ. ಕೊರಿಯರಲ್ಲಿ ಒಂದು ದಿನಕ್ಕೂ ಹೆಚ್ಚು ಚೀಲದಲ್ಲೇ ಇದ್ದು ಬಂದಿದ್ದರೆ ಇಷ್ಟು ಹೊತ್ತು ಅದೇ ನೀರಿನಲ್ಲಿ ಇಡಬೇಡಿ. ಚೀಲ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಒಳಗೆ ಸೇರಿಕೊಂಡ ಅಮೋನಿಯಾ ಆಗ ವಿಷವಾಗುತ್ತದೆ. ಕಳಿಸುವವರ ಲವಣಾಂಶ ಮೊದಲೇ ಕೇಳಿ, ಅದೇ ಮಟ್ಟದ ಹೊಸ ನೀರು ಒಂದು ಬಕೆಟ್ ಮಾಡಿಟ್ಟುಕೊಂಡು ನೇರ ಅದಕ್ಕೆ ದಾಟಿಸಿ, ಅಲ್ಲಿಂದ ನಿಧಾನಕ್ಕೆ ಏರಿಸಿ.

ಕರಾವಳಿ_ರೀಫ್

ಉಪ್ಪಿನ ಮಾತು ಬಂತಲ್ಲ, ಆವಿಯ ಲೆಕ್ಕವೂ ಹೇಳಿಬಿಡ್ತೇನೆ. ಬೆಂಗಳೂರಿನ ಒಣ ಹವೆಗೆ ಫ್ಯಾನ್ ಇಟ್ಟರೆ ಟ್ಯಾಂಕ್ ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ, ಆದರೆ ದಿನಕ್ಕೆ ನಾಲ್ಕು ಲೀಟರ್ ನೀರು ಹಾರಿದರೂ ಆಶ್ಚರ್ಯ ಇಲ್ಲ. 200ರಲ್ಲಿ ನಾಲ್ಕು ಹೋದರೆ 35 ಇದ್ದದ್ದು 35.7 ಆಗುತ್ತದೆ. ಮೂರು ದಿನ ಊರಿಗೆ ಹೋಗಿ ಬಂದರೆ 37 ದಾಟುತ್ತದೆ. ಆಮೇಲೆ 12 ಲೀಟರ್ ಒಂದೇ ಸಲ ಸುರಿದರೆ ಬಸವನಹುಳುಗಳೆಲ್ಲ ಗಾಜು ಬಿಟ್ಟು ಬೀಳುತ್ತವೆ. ಹಾರಿದಷ್ಟು ನೀರನ್ನು ತಾನೇ ತುಂಬುವ ಆಟೋ ಟಾಪ್‌ಆಫ್ ಹಾಕಿಸಿ. ಮೇಲಿಂದ ಹಾಕುವುದು ಬರೀ ಸಿಹಿನೀರು, ಆರ್‌ಓ ನಂತರ ಡಿಐ (ಉಳಿದ ಲವಣ ತೆಗೆಯುವ ರಾಳದ ಶೋಧಕ) ದಾಟಿ ಟಿಡಿಎಸ್ (ಕರಗಿದ ಘನಪದಾರ್ಥ) ಸೊನ್ನೆ ಬಂದದ್ದು. ಬೋರ್‌ವೆಲ್ ನೀರಿಗೆ ಆರ್‌ಓ ಒಂದೇ ಸಾಲದು.

ನಮ್ಮ ಮಂಗಳೂರಿನ ಸೆಕೆಯಲ್ಲಿ ಫ್ಯಾನಿನಿಂದ ಅಷ್ಟು ಪ್ರಯೋಜನ ಇಲ್ಲ, ಗಾಳಿಯೇ ಒದ್ದೆ. ಏಪ್ರಿಲ್, ಮೇ ತಿಂಗಳಿಗೆ ಚಿಲ್ಲರ್ ಬೇಕು. ಕಡಲ ನೀರು ತಂದು ಬಳಸುವವರು ಮಳೆಗಾಲದಲ್ಲಿ ನಿಲ್ಲಿಸಿ. ನೇತ್ರಾವತಿ, ಗುರುಪುರ ಹೊಳೆಗಳ ನೀರು ಸೇರಿ ದಡದ ಉಪ್ಪು ತೀರಾ ಇಳಿದಿರುತ್ತದೆ.

ಉಪ್ಪುನೀರು_ಬೆಂಗಳೂರು

ಇನ್ನೆರಡು ಸಂದೇಹ. ಮೀನಿಗೆ ಬಿಳಿಚುಕ್ಕೆ ಬಂದರೆ ಔಷಧ ಹಾಕಬಹುದೇ? ಕಲ್ಲಿನ ಮೇಲೆ ನೇರಳೆ ಬಣ್ಣದ ಸುಣ್ಣಪಾಚಿ ಕೂತ ಮೇಲೆ ಅರ್ಚಿನ್ ತರಬಹುದೇ?

ಶಂಖ_ಚಿಪ್ಪು

ಔಷಧ ಟ್ಯಾಂಕಿಗೆ ಹಾಕಲೇಬೇಡಿ. ಬಿಳಿಚುಕ್ಕೆಯ ಔಷಧಗಳಲ್ಲಿ ಹೆಚ್ಚಿನವು ತಾಮ್ರ. ಮೀನಿಗೆ ಚಿಕಿತ್ಸೆ ಕೊಡುವ ಮಟ್ಟದಲ್ಲಿ ಸೀಗಡಿ, ಬಸವನಹುಳು ಯಾವುದೂ ಉಳಿಯುವುದಿಲ್ಲ. ಕಲ್ಲು, ಮರಳು ತಾಮ್ರ ಹೀರಿಕೊಂಡು ತಿಂಗಳುಗಟ್ಟಲೆ ಬಿಡುತ್ತಿರುತ್ತವೆ. ‘ರೀಫಿಗೆ ಸುರಕ್ಷಿತ’ ಅಂತ ಬರೆದ ಬಾಟಲಿಯನ್ನೂ ನಂಬಿ ಸುರಿಯಬೇಡಿ. ಮೀನು ಹಿಡಿದು ಬೇರೆ ಡಬ್ಬಿಯಲ್ಲಿ ಚಿಕಿತ್ಸೆ ಕೊಡಿ.

ಬಸವನಹುಳು, ಸೀಗಡಿಗೆ ಆ ರೋಗ ತಗಲುವುದಿಲ್ಲ, ಆದರೆ ಚಿಪ್ಪಿನ ಮೇಲೆ ಅದರ ಕೋಶ ಅಂಟಿಕೊಂಡು ಬರುತ್ತದೆ. ಜಾಗ ಇದ್ದರೆ ಹೊಸ ಹುಳುಗಳನ್ನು ಮೀನಿಲ್ಲದ ಸಣ್ಣ ಟ್ಯಾಂಕಿನಲ್ಲಿ ಇಟ್ಟು ಆಮೇಲೆ ಹಾಕಿ. ಹವ್ಯಾಸಿಗಳು ಪಾಲಿಸುವ ಅವಧಿ 76 ದಿನ.

ಅರ್ಚಿನ್‌ಗಳಲ್ಲಿ ಟಕ್ಸೀಡೊ ನಿಮ್ಮ ಅಳತೆಗೆ ಹೊಂದುತ್ತದೆ, ಒಂದೇ ಒಂದು, ಆರು ತಿಂಗಳ ನಂತರ. ಪಾಚಿಯ ಜೊತೆ ನೇರಳೆ ಪದರವನ್ನೂ ಕೆರೆಯುತ್ತದೆ. ಸಿಕ್ಕಿದ್ದನ್ನು ಹೊತ್ತು ತಿರುಗುವ ಅಭ್ಯಾಸ ಇರುವುದರಿಂದ ಹವಳದ ತುಂಡುಗಳನ್ನು ಮೊದಲೇ ಅಂಟಿಸಿ. ಜೋವಾಂಥಿಡ್ ಇರುವ ಕಲ್ಲು ಮುಟ್ಟುವಾಗ ಕೈಗವಸು, ಕನ್ನಡಕ ಇರಲಿ. ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಆ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಬೇಡಿ, ಹಬೆಯೇ ಆಸ್ಪತ್ರೆ ಸೇರಿಸುತ್ತದೆ.

ಉದ್ದ ಮುಳ್ಳಿನ ಡಯಡೀಮಾ 90 ಸೆಂ.ಮೀ. ಟ್ಯಾಂಕಿಗೆ ಬೇಡ. ಗಾಜು ಉಜ್ಜಲು ಕೈ ಹಾಕಿದಾಗಲೆಲ್ಲ ಚುಚ್ಚುತ್ತದೆ, ಮುಳ್ಳು ಒಳಗೇ ಮುರಿಯುತ್ತದೆ.

ಉಪ್ಪುನೀರು_ಬೆಂಗಳೂರು

ಟ್ರೋಕಸ್ 3, ಸೆರಿತ್ 3, ಕ್ಲೀನರ್ 2 ಮೊದಲ ಸುತ್ತಿಗೆ ಹಾಕಿದೆ. ಬೆಳಿಗ್ಗೆ ಒಂದು ಸೀಗಡಿ ಮರಳಿನ ಮೇಲೆ ಬಿದ್ದಿದೆ, ಅಲುಗಾಡುತ್ತಿಲ್ಲ. ಇನ್ನೊಂದು ಕಾಣುತ್ತಿದೆ. ತೆಗೆದುಬಿಡಲೇ?

ನ್ಯಾನೊ_40ಲೀ

ಬೆಳಕಿಗೆ ಅಡ್ಡ ಹಿಡಿದು ನೋಡಿ. ಒಳಗೆ ಖಾಲಿ, ಗಾಜಿನಂತೆ ತೆಳು, ಬೆನ್ನಲ್ಲಿ ತಲೆ ಮತ್ತು ಹೊಟ್ಟೆ ಸೇರುವಲ್ಲಿ ಸೀಳಿದ್ದರೆ ಅದು ಬಿಟ್ಟ ಪೊರೆ. ಸೀಗಡಿ ಕಲ್ಲಿನ ಕೆಳಗೆ ಅಡಗಿರುತ್ತದೆ, ಮೈ ಗಟ್ಟಿಯಾಗಲು ಒಂದೆರಡು ದಿನ ಬೇಕು. ಸತ್ತಿದ್ದರೆ ಮೈ ತುಂಬಿಕೊಂಡಿರುತ್ತದೆ, ಬಣ್ಣ ಬಿಳಿಚಿ ಗುಲಾಬಿಯಾಗುತ್ತದೆ, ವಾಸನೆ ಬರುತ್ತದೆ. ಪೊರೆಯಾದರೆ ಅಲ್ಲೇ ಬಿಡಿ, ಬೇರೆಯವು ತಿನ್ನುತ್ತವೆ. ಅಯೋಡಿನ್ ಹಾಕಲು ಯಾರಾದರೂ ಹೇಳಿದರೆ ಬೇಡ, ವಾರಕ್ಕೆ ಹತ್ತು ಶೇಕಡಾ ನೀರು ಬದಲಿಸುತ್ತಿದ್ದರೆ ಉಪ್ಪಿನಲ್ಲಿ ಬರುವುದೇ ಸಾಕು.

ಉಪ್ಪುನೀರು_ಬೆಂಗಳೂರು

ಬೆನ್ನಲ್ಲಿ ಸೀಳಿದೆ, ಒಳಗೆ ಖಾಲಿ. ಪೊರೆ ಬಿಟ್ಟ ಸೀಗಡಿ ದೊಡ್ಡ ಕಲ್ಲಿನ ಕೆಳಗಿದೆ, ಮೀಸೆ ಮಾತ್ರ ಕಾಣುತ್ತಿದೆ.

ಹವಳದಿಣ್ಣೆ

ಹಾಗಾದರೆ ಈಗ ಅದನ್ನು ಕೆದಕಬೇಡಿ. ಇವತ್ತು, ನಾಳೆ ಸಿಕ್ಸ್‌ಲೈನಿಗೆ ಊಟ ಒಂದು ಹೊತ್ತು ಜಾಸ್ತಿ ಹಾಕಿ. ಮೆತ್ತಗಿರುವಾಗಲೇ ಅದು ಸೀಗಡಿಯ ಮೇಲೆ ಬೀಳುವುದು.